ಹಟ್ಟಿಯ ಸೊಳ್ಳೆ, ಕಾಲುವೆಯ ಸೊಳ್ಳೆ

ಗೌರಿ ಹಬ್ಬಕ್ಕೆ ನಾಲ್ಕು ದಿನ ಇತ್ತು. ನನ್ನ ಹೆಂಡತಿ ನಡುಮನೆಯ ಗೋಡೆಗಳಿಗೆ ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಿದ್ದಳು. ನಾನು ಹೊಸ್ತಿಲಲ್ಲಿ ನಿಂತು ನೋಡಿದೆ, ಏನೂ ಹೇಳಲಿಲ್ಲ. ಹೇಳಬೇಕಾಗಿತ್ತು. ನಾನು ಮಲೇರಿಯಾ ಯೂನಿಟ್ಟಿನಲ್ಲಿ ಸೊಳ್ಳೆ ಹಿಡಿಯುವ ಕೆಲಸದವನು, ಕಾಗದದ ಮೇಲೆ ಕೀಟ ಸಂಗ್ರಾಹಕ. ಮದ್ದು ಹೊಡೆದ ಗೋಡೆಗೆ ಸುಣ್ಣ ಬಳಿಯಬೇಡಿ, ಸಗಣಿ ಸಾರಿಸಬೇಡಿ ಎಂದು ಹಿರಿಯೂರು, ಹೊಸದುರ್ಗ ತಾಲ್ಲೂಕುಗಳ ಊರೂರು ತಿರುಗಿ ಹೇಳುವುದೂ ನನ್ನ ಕೆಲಸದಲ್ಲಿ ಸೇರಿತ್ತು.

ಆ ಗೋಡೆಗೆ ಹದಿನೈದು ದಿನದ ಹಿಂದೆಯಷ್ಟೇ ನನ್ನ ಅಣ್ಣನ ತಂಡ ಡಿಡಿಟಿ ಹೊಡೆದಿತ್ತು. ಅಣ್ಣ ಅದೇ ಯೂನಿಟ್ಟಿನಲ್ಲಿ ಮದ್ದು ಹೊಡೆಯುವ ತಂಡದ ಮೇಸ್ತ್ರಿ. ಮಾರಿಕಣಿವೆ ಕಾಲುವೆಯ ದಂಡೆಯ ನಮ್ಮ ಊರಿನಲ್ಲಿ ಅವನ ಮನೆ, ನನ್ನ ಮನೆ ಒಂದೇ ಸಾಲಿನಲ್ಲಿವೆ. ಡಿಡಿಟಿ ನೀರಿನಲ್ಲಿ ಕದಡುವ ಬಿಳಿ ಪುಡಿ. ಒಣಗಿದ ಮೇಲೆ ಗೋಡೆ ತುಂಬ ಬೂದಿ ಎರಚಿದಂತೆ ಮಚ್ಚೆ ಉಳಿಯುತ್ತದೆ. ರಕ್ತ ಕುಡಿದ ಸೊಳ್ಳೆ ಭಾರವಾಗಿ ಗೋಡೆಯ ಮೇಲೆ ಕೂರುತ್ತದೆ, ಕಾಲಿಗೆ ಪುಡಿ ತಾಗುತ್ತದೆ, ಸಾಯುತ್ತದೆ. ಹದಿನೈದು ವರ್ಷದಿಂದ ಇಲಾಖೆ ನಂಬಿದ್ದು ಇಷ್ಟನ್ನೇ.

"ಗೌರಮ್ಮನ್ನ ಈ ಹೊಲಸು ಗೋಡೆ ಮುಂದೆ ಕೂರಿಸ್ಲಾ?" ಎಂದಳು ಅವಳು. ಕೈಯಲ್ಲಿ ಸುಣ್ಣದ ಕುಂಚ ಇತ್ತು, ಮೂಗಿನ ತುದಿಯಲ್ಲೂ ಸುಣ್ಣ ಇತ್ತು. ನಾನು ನಕ್ಕೆ.

ದಸರೆ ಕಳೆದ ಮೇಲೆ ಅವಳಿಗೆ ಚಳಿಜ್ವರ ಬಂತು. ನಾನೇ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತೆಗೆದೆ, ನಾನೇ ನಾಲ್ಕು ಮಾತ್ರೆ ನುಂಗಿಸಿದೆ. ಮಾತ್ರೆ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಎರಡನೆಯ ದಿನ ಮಾತು ತೊದಲಿತು. ಗಾಡಿ ಕಟ್ಟಿಸಿ, ಆಮೇಲೆ ಲಾರಿ ಹಿಡಿದು ದೊಡ್ಡಾಸ್ಪತ್ರೆಗೆ ಒಯ್ದೆವು. ಅಲ್ಲಿಯವರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಜ್ವರ ತಲೆಗೆ ಏರಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ಅವಳು ಹೋದಳು.

ಮಣ್ಣು ಮಾಡಿದ ದಿನ ಊರಿನವರೆಲ್ಲ ನಿಂತಿರುವಾಗ ನಾನು ಅಣ್ಣನ ಕಡೆ ತಿರುಗಿ ಕೂಗಿದೆ: "ನೀನು ಸರಿಯಾಗಿ ಮದ್ದು ಹೊಡ್ದಿದ್ರೆ ಇವಳು ಇರ್ತಿದ್ಲು!"

ಅಣ್ಣ ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು ನೆಲ ನೋಡುತ್ತಾ ನಿಂತ. ಸುಣ್ಣದ ವಿಷಯ ನಾನು ಬಾಯಿ ಬಿಡಲಿಲ್ಲ.

ಆ ಮಾತು ನಮ್ಮೂರಲ್ಲಿ ನಿಲ್ಲಲಿಲ್ಲ. ಆ ವರ್ಷ ಕಾಲುವೆಯ ಊರುಗಳಲ್ಲೆಲ್ಲ ಜ್ವರ ಎದ್ದಿತ್ತು. ಮದ್ದು ಹೊಡೆದ ಮನೆಯಲ್ಲೂ ಸೊಳ್ಳೆ ಗುಂಯ್‌ಗುಟ್ಟುತ್ತಿತ್ತು. ಜನ ನಮ್ಮನ್ನು ಕಂಡರೆ ನಗುತ್ತಿದ್ದರು. "ಬರ್ರಿ ಬರ್ರಿ, ಮಲೇರಿಯಾದೋರು ಬಂದ್ರು, ಸೊಳ್ಳೆಗೆ ಪೌಡರ್ ಹಚ್ಚಾಕೆ!" ಎನ್ನುತ್ತಿದ್ದರು. ಸ್ವಂತ ತಮ್ಮನೇ ಆಡಿದ ಮಾತು ಯೂನಿಟ್ಟಿನ ಸಾಹೇಬರ ಕಿವಿಗೂ ಬಿತ್ತು. ಅಣ್ಣನಿಗೆ ಮೆಮೊ ಬಂತು. ಮದ್ದನ್ನು ತೆಳು ಮಾಡಿ ಹೊಡೆಸಿದ್ದಾನೆಂದು ದೂರಿದೆ, ಹದಿನೈದು ದಿನದೊಳಗೆ ಸಮಜಾಯಿಷಿ ಕೊಡಬೇಕು, ಇಲ್ಲವಾದರೆ ಕೆಲಸದಿಂದ ತೆಗೆಯಲಾಗುವುದು ಎಂದು ಬರೆದಿತ್ತು. ವರ್ಷಗಟ್ಟಲೆ ಸೀಜನ್ ಕೂಲಿ ಮಾಡಿ ಆಮೇಲೆ ಕಾಯಂ ಆದವನು ಅವನು. ಕೆಲಸ ಹೋದರೆ ಮತ್ತೆ ಸಿಗುವುದಿಲ್ಲ, ಹೆಸರಂತೂ ಇಲ್ಲ.

ಅದೇ ವಾರ ಜ್ವರದ ಕಾರಣ ಹುಡುಕಲು ಮೇಲಿನ ಕಚೇರಿಯಿಂದ ಒಬ್ಬ ಕೀಟತಜ್ಞರು ಬಂದರು. ನಲವತ್ತರ ಆಸುಪಾಸಿನ ವಯಸ್ಸು, ದಪ್ಪ ಕನ್ನಡಕ, ಮಾತು ಕಡಿಮೆ. ಸೊಳ್ಳೆ ಹಿಡಿಯಲು ನನ್ನನ್ನೇ ಅವರ ಜೊತೆ ಹಾಕಿದರು. ರಜೆಯಲ್ಲಿದ್ದವನು ಎದ್ದು ಹೋದೆ. ಮನೆಯಲ್ಲಿ ಆ ಗೋಡೆ ನೋಡುತ್ತಾ ಕೂರುವುದಕ್ಕಿಂತ ಅದೇ ಮೇಲಾಗಿತ್ತು.

ನಮ್ಮ ಕೆಲಸ ಬೆಳಕು ಹರಿಯುವಾಗ ಶುರುವಾಗುತ್ತದೆ. ದನದ ಕೊಟ್ಟಿಗೆಯಲ್ಲಿ ಬ್ಯಾಟರಿ ಬಿಟ್ಟು ಗೋಡೆ, ತೊಲೆ, ಹುಲ್ಲಿನ ಸಂದು ನೋಡಬೇಕು. ಮಲೇರಿಯಾ ತರುವ ಸೊಳ್ಳೆ ಹಿಂಭಾಗ ಎತ್ತಿ ಓರೆಯಾಗಿ ಕೂರುತ್ತದೆ, ಗೋಡೆಗೆ ಮುಳ್ಳು ಚುಚ್ಚಿದ ಹಾಗೆ. ಗಾಜಿನ ಕೊಳವೆಯ ಬಾಯನ್ನು ಅದರ ಮೇಲೆ ಹಿಡಿದು ಇನ್ನೊಂದು ತುದಿಯ ರಬ್ಬರ್ ನಳಿಕೆಯಿಂದ ಉಸಿರು ಎಳೆದರೆ ಸೊಳ್ಳೆ ಕೊಳವೆಯೊಳಗೆ ಬರುತ್ತದೆ. ನಡುವೆ ಜಾಲರಿ ಇರುವುದರಿಂದ ಬಾಯಿಗೆ ಹೋಗುವುದಿಲ್ಲ. ಜೋರಾಗಿ ಎಳೆದರೆ ಕಾಲು ಮುರಿಯುತ್ತದೆ, ಮೆಲ್ಲಗೆ ಎಳೆದರೆ ಹಾರಿಹೋಗುತ್ತದೆ. ಎಂಟು ವರ್ಷದಲ್ಲಿ ಆ ಉಸಿರಿನ ಅಳತೆ ನನಗೆ ಬಂದಿತ್ತು.

ಮೊದಲ ದಿನ ಕಾಲುವೆ ಬದಿಯ ಸೊಳ್ಳೆಗಳನ್ನು ಹಿಡಿದು ಡಿಡಿಟಿ ಸವರಿದ ಕಾಗದದ ಕೊಳವೆಗಳಲ್ಲಿ ಒಂದು ಗಂಟೆ ಇಟ್ಟೆವು. ಆಮೇಲೆ ಶುದ್ಧ ಕಾಗದದ ಕೊಳವೆಗೆ ವರ್ಗಾಯಿಸಿ, ಸಕ್ಕರೆ ನೀರಿನ ಹತ್ತಿ ಕೊಟ್ಟು, ಒದ್ದೆ ಬಟ್ಟೆ ಸುತ್ತಿ ಒಂದು ದಿನ ಬಿಟ್ಟೆವು. ಪಕ್ಕದಲ್ಲಿ ಮದ್ದಿಲ್ಲದ ಕಾಗದದ ಕೊಳವೆಯೂ ಇರಬೇಕು. ಅದರಲ್ಲಿಯೂ ಸೊಳ್ಳೆ ಸತ್ತರೆ ಪರೀಕ್ಷೆ ನಂಬುವ ಹಾಗಿಲ್ಲ. ಮರುದಿನ ಮದ್ದಿಲ್ಲದ ಕೊಳವೆಯಲ್ಲಿ ಎಲ್ಲವೂ ಬದುಕಿದ್ದವು. ಮದ್ದಿನ ಕೊಳವೆಗಳಲ್ಲೂ ಮುಕ್ಕಾಲು ಪಾಲು ಬದುಕಿದ್ದವು.

ಯೂನಿಟ್ಟಿನ ಸಾಹೇಬರು ಕೊಳವೆ ನೋಡಿ ತಲೆ ಅಲ್ಲಾಡಿಸಿದರು. "ಕಾಗದ ಹಳೇದಿರಬೇಕು ಸಾರ್. ಮೇಸ್ತ್ರಿಗಳು ಕಳ್ಳಾಟ ಆಡಿ, ಸೊಳ್ಳೆಗೆ ಮದ್ದು ಒಗ್ಗಿಹೋಗಿದೆ ಅಂತ ನೆಪ ಹೇಳ್ತಾರೆ. ಈ ಕೊಳವೆ ನೋಡಿ ಅವನನ್ನು ಬಿಡೋಕಾಗಲ್ಲ."

ಅವರು ಹೋದ ಮೇಲೆ ನಾನು ಕೀಟತಜ್ಞರನ್ನು ಕೇಳಿದೆ. "ಒಗ್ಗಿರಬಹುದಲ್ವಾ ಸಾರ್? ದಿನಾ ಕುಡಿಯೋನಿಗೆ ಹೆಂಡ ಏರೋದಿಲ್ಲವಲ್ಲ, ಹಾಗೆ." ಹೈಸ್ಕೂಲಿನಲ್ಲಿ ಓದಿದ್ದು ನೆನಪಿತ್ತು. ಜಿರಾಫೆ ಎಲೆಗಾಗಿ ಕತ್ತು ಚಾಚಿ ಚಾಚಿ ಅದರ ಕತ್ತು ಉದ್ದವಾಯಿತು ಎಂದೇ ನನ್ನ ತಲೆಯಲ್ಲಿ ಕೂತಿತ್ತು.

ಅವರು ಕನ್ನಡಕ ಒರೆಸಿಕೊಂಡರು. "ಒಂದು ಸೊಳ್ಳೆ ಎಷ್ಟು ದಿನ ಬದುಕುತ್ತೆ?"

"ಹದಿನೈದು, ಇಪ್ಪತ್ತು ದಿನ ಸಾರ್."

"ಅಷ್ಟರಲ್ಲಿ ಅದು ಏನು ಒಗ್ಗಿಸಿಕೊಳ್ಳುತ್ತೆ? ಮದ್ದು ತಾಗಿದ್ದು ಸಾಯುತ್ತೆ, ಇಲ್ಲಾ ಬದುಕುತ್ತೆ. ಮನುಷ್ಯರಲ್ಲಿ ಕುಳ್ಳ, ಉದ್ದ ಇರೋ ಹಾಗೆ ಸೊಳ್ಳೆಯಲ್ಲೂ ಎಲ್ಲಾ ಒಂದೇ ಥರ ಇರಲ್ಲ. ಸಾವಿರದಲ್ಲಿ ಒಂದಕ್ಕೆ ಹುಟ್ಟುತ್ತಲೇ ಈ ವಿಷ ತಡೆಯೋ ಗುಣ ಇರಬಹುದು. ಮದ್ದು ಇಲ್ಲದ ಕಾಲದಲ್ಲಿ ಆ ಗುಣದಿಂದ ಅದಕ್ಕೆ ಏನೂ ಲಾಭ ಇರಲಿಲ್ಲ. ನಾವು ಮದ್ದು ಹೊಡೆದ್ವಿ. ಮಿಕ್ಕವೆಲ್ಲ ಸತ್ವು, ಮೊಟ್ಟೆ ಇಡೋಕೆ ಅದೊಂದೇ ಉಳೀತು. ಮಾರನೇ ವರ್ಷ ಅದರ ಮಕ್ಕಳು. ಮತ್ತೆ ಹೊಡೆದ್ವಿ. ಹದಿನೈದು ವರ್ಷ ನಾವು ಜರಡಿ ಹಿಡಿದಿದ್ದೀವಿ ಕಣ್ರೀ. ಸೊಳ್ಳೆ ಏನೂ ಕಲೀಲಿಲ್ಲ. ಜರಡಿಯಲ್ಲಿ ಉಳಿದದ್ದು ಉಳೀತು."

ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನ ಒಬ್ಬ ಪಂಡಿತ ಜೀವಜಾತಿಗಳೆಲ್ಲ ಹೀಗೇ ಬದಲಾಗುತ್ತಾ ಬಂದವು ಎಂದು ಬರೆದನಂತೆ. ನಿಸರ್ಗದ ಆಯ್ಕೆ ಎಂದು ಅದಕ್ಕೆ ಹೆಸರು. "ಆತ ಲಕ್ಷಾಂತರ ವರ್ಷದ ಲೆಕ್ಕ ಹೇಳಿದ್ದ. ನಮ್ಮ ಕಣ್ಣ ಮುಂದೆ, ಡಿಡಿಟಿ ಬಕೆಟ್ಟಿನಲ್ಲಿ ಹದಿನೈದು ವರ್ಷಕ್ಕೇ ಆಯ್ತು," ಎಂದರು.

"ಹಂಗಾದ್ರೆ ಅಣ್ಣನ ತಪ್ಪಿಲ್ಲ?"

"ಅದು ನನ್ನ ನಂಬಿಕೆ. ನಂಬಿಕೆಯನ್ನ ಮೆಮೊಗೆ ಉತ್ತರ ಅಂತ ಬರೆಯೋಕೆ ಆಗಲ್ಲ."

ಸಿಕ್ಕು ಇದ್ದದ್ದು ಇಲ್ಲಿ. ಗೋಡೆಯ ಮೇಲೆ ಸೊಳ್ಳೆ ಬದುಕಿದರೆ ಎರಡು ಕಾರಣ ಇರಬಹುದು. ಗೋಡೆಯಲ್ಲಿ ಮದ್ದು ಇಲ್ಲದಿರಬಹುದು, ಇಲ್ಲವೇ ಸೊಳ್ಳೆ ಮದ್ದಿಗೆ ಸಾಯದಂಥದ್ದಾಗಿರಬಹುದು. ಎರಡನ್ನು ಬೇರೆ ಮಾಡಲು ಎಂದೂ ಮದ್ದು ಕಾಣದ ಸೊಳ್ಳೆ ಬೇಕು. ಅಂಥ ಸೊಳ್ಳೆಯನ್ನು ಅಣ್ಣನ ತಂಡ ಮದ್ದು ಹೊಡೆದ ಗೋಡೆಯ ಮೇಲೆ ಕೂರಿಸಬೇಕು. ಅದು ಸತ್ತರೆ ಗೋಡೆಯಲ್ಲಿ ಮದ್ದು ಇದೆ, ಅಣ್ಣ ಸರಿಯಾಗಿ ಹೊಡೆಸಿದ್ದಾನೆ. ಅದೇ ಗೋಡೆಯ ಮೇಲೆ ಕಾಲುವೆಯ ಸೊಳ್ಳೆ ಬದುಕಿದರೆ ಜರಡಿಯ ಮಾತು ನಿಜ.

"ಆದರೆ ಮದ್ದು ಹೊಡೆಯದ ಊರು ಈ ಸೀಮೆಯಲ್ಲಿ ಎಲ್ಲಿದೆ?" ಎಂದು ಅವರು ನಕ್ಷೆ ಹರಡಿದರು. ಎಲ್ಲ ಊರಿನ ಮೇಲೂ ಮದ್ದು ಹೊಡೆದ ನೀಲಿ ಗುರುತಿತ್ತು.

ಆಗ ನನಗೆ ಹಟ್ಟಿ ನೆನಪಾಯಿತು. ಹೊಸದುರ್ಗ ತಾಲ್ಲೂಕಿನ ಗುಡ್ಡದ ಸಾಲಿನಲ್ಲಿ, ಊರುಗಳಿಂದ ದೂರ, ಮುಳ್ಳುಬೇಲಿಯೊಳಗೆ ಇಪ್ಪತ್ತು ಗುಡಿಸಿಲು. ಕುರಿ ಮೇಯಿಸುವವರ ಹಟ್ಟಿ. ದೇವರ ಗುಡಿಸಿಲು ಇರುವ ಬೇಲಿಯೊಳಗೆ ಚಪ್ಪಲಿ ಹೋಗುವಂತಿಲ್ಲ, ವಿಷವಂತೂ ಇಲ್ಲವೇ ಇಲ್ಲ. ಪ್ರತಿ ವರ್ಷ ಅಣ್ಣನ ತಂಡ ಪಂಪು ಹೊತ್ತು ಹೋಗಿ ಬೇಲಿಯ ಆಚೆ ಮಜ್ಜಿಗೆ ಕುಡಿದು ಬರುತ್ತಿತ್ತು. ರಿಜಿಸ್ಟರಿನಲ್ಲಿ ಆ ಹಟ್ಟಿಯ ಮುಂದೆ ಕೆಂಪು ಶಾಯಿಯಲ್ಲಿ "ನಿರಾಕರಣೆ" ಎಂದು ವರ್ಷ ವರ್ಷ ಬರೆದಿತ್ತು. ಅದಕ್ಕಾಗಿ ಅಣ್ಣ ಬೈಸಿಕೊಂಡದ್ದೂ ಇತ್ತು.

ಕೀಟತಜ್ಞರು ಇನ್ನು ಐದೇ ದಿನ ಇರುವವರು. ಅಣ್ಣನ ಮೆಮೊಗೆ ಎಂಟು ದಿನ ಉಳಿದಿತ್ತು. ಅವತ್ತೇ ಬಸ್ಸು ಹತ್ತಿದೆ.

ಬೇಲಿಯ ಬಾಯಲ್ಲಿ ಒಬ್ಬ ಅಜ್ಜಿ ಕುರಿಮರಿಗೆ ಸೊಪ್ಪು ತಿನ್ನಿಸುತ್ತಾ ಕೂತಿದ್ದರು. ಹಟ್ಟಿಯ ಯಜಮಾನನ ತಾಯಿ. ನನ್ನ ಖಾಕಿ ಚೀಲ ನೋಡಿ ಕೈ ಅಡ್ಡ ಹಿಡಿದರು.

"ಮದ್ದು ಹೊಡಿಯಾಕೆ ಬಂದ್ಯೇನಪ್ಪ? ಹಂಗೇ ತಿರುಕ್ಕಂಡು ಹೋಗು."

"ಇಲ್ಲಮ್ಮ. ಸೊಳ್ಳೆ ಬೇಕಿತ್ತು."

"ಏನು ಬೇಕಿತ್ತು?"

"ಸೊಳ್ಳೆ. ನಿಮ್ಮ ದನದ ಕೊಟ್ಟಿಗೇಲಿ ಹಿಡ್ಕಂಡು ಹೋಗ್ತೀನಿ."

ಅಜ್ಜಿ ಬಾಯಿ ತುಂಬ ನಕ್ಕರು. "ಲೇ, ಬರ್ರೋ ಇಲ್ಲಿ! ಸರ್ಕಾರ ನಮ್ಮ ಹಟ್ಟಿಗೆ ಸೊಳ್ಳೆ ಬೇಡಾಕೆ ಬಂದೈತೆ! ಎಷ್ಟು ಬೇಕು ತಗಳಪ್ಪ, ನಮ್ಮ ಹುಡುಗ್ರ ಮೈಮ್ಯಾಗಿರವೂ ತಗಂಡು ಹೋಗು. ಕೆರ ಮಾತ್ರ ಬೇಲಿ ಆಚೆ ಬಿಡು."

ಚಪ್ಪಲಿ ಬಿಟ್ಟು ಒಳಗೆ ಹೋದೆ. ಮರುದಿನ ನಸುಕಿಗೆ ಕೊಟ್ಟಿಗೆಗಳಲ್ಲಿ ನೂರಕ್ಕೂ ಹೆಚ್ಚು ಹಿಡಿದೆ. ಸೊಳ್ಳೆಪರದೆಯ ಬಟ್ಟೆ ಹೊಲಿದ ಪಂಜರಕ್ಕೆ ತುಂಬಿ ಒದ್ದೆ ಟವೆಲ್ ಸುತ್ತಿದೆ. ಬಸ್ಸು ಕಿಕ್ಕಿರಿದಿತ್ತು. ಜನ ತುಳಿಯದಿರಲಿ ಎಂದು ಪಂಜರವನ್ನು ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಇಟ್ಟೆ. ಆ ಬುದ್ಧಿ ಯಾರು ಕೊಟ್ಟರೋ. ಹಿರಿಯೂರಿನಲ್ಲಿ ಇಳಿದು ಟವೆಲ್ ಬಿಚ್ಚಿದರೆ ಅದು ಹಪ್ಪಳದ ಹಾಗೆ ಒಣಗಿತ್ತು. ಪಂಜರದ ತಳದಲ್ಲಿ ಎಳ್ಳು ಚೆಲ್ಲಿದಂತೆ ಸೊಳ್ಳೆ ಬಿದ್ದಿದ್ದವು. ಇಂಜಿನ್ನಿನ ಬಿಸಿಗೆ ಒಂದೂ ಉಳಿದಿರಲಿಲ್ಲ.

ಬಸ್‌ಸ್ಟ್ಯಾಂಡಿಗೇ ಬಂದಿದ್ದ ಕೀಟತಜ್ಞರು ಪಂಜರ ನೋಡಿ ಬೈಯಲಿಲ್ಲ. "ಡಿಡಿಟಿಗಿಂತ ನಿಮ್ಮ ಬಸ್ಸೇ ಜೋರು," ಎಂದಷ್ಟೇ ಹೇಳಿದರು. ನಾನು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತೆ. ಹೆಂಡತಿ ಹೋದ ಮೇಲೆ ಮೊದಲ ಸಲ ಜನರೆದುರು ಅತ್ತದ್ದು ಅಲ್ಲಿ. ನೋಡಿದವರು ಸತ್ತ ಸೊಳ್ಳೆಗೆ ಅಳುತ್ತಾನೆಂದುಕೊಂಡಿರಬೇಕು.

ಮರುದಿನ ಮತ್ತೆ ಹೋದೆ. ಅಜ್ಜಿ ನನ್ನನ್ನು ದೂರದಿಂದಲೇ ಗುರುತಿಸಿದರು. "ಏನಪ್ಪ, ನಿನ್ನೆ ಒಯ್ದವು ಸಾಲ್ಲಿಲ್ವಾ?"

ಆದದ್ದನ್ನೆಲ್ಲ ಹೇಳಿದೆ. ಅಣ್ಣನ ಮೆಮೊ, ಜರಡಿಯ ಮಾತು, ಗೋಡೆಯ ಪರೀಕ್ಷೆ ಎಲ್ಲವನ್ನೂ ಹೇಳಿದೆ. ಹೆಂಡತಿಯ ಮಾತೂ ಬಂತು. ಸುಣ್ಣದ ಮಾತು ಮಾತ್ರ ಬರಲಿಲ್ಲ. ಅಜ್ಜಿ ಮರಿಯ ಕಿವಿ ಸವರುತ್ತಾ ಕೇಳಿದರು.

"ಇದ್ರಾಗೆ ಏನು ದೊಡ್ಡ ವಿಷ್ಯ ಐತಪ್ಪ? ನಾನು ಮದುವ್ಯಾಗಿ ಬಂದ ಹೊಸದ್ರಾಗೆ ನಾಲಿಗೆ ನೀಲಿ ಆಗೋ ರೋಗ ಬಂತು. ಮಂದೇಲಿ ಅರ್ಧಕ್ಕರ್ಧ ಕುರಿ ಹೋದವು. ಉಳಿದವುಕ್ಕೆ ಯಾರು ಮದ್ದು ಕೊಟ್ಟಿದ್ರು? ಅವು ಹುಟ್ಟಾ ಗಟ್ಟಿ. ಅವುಗಳ ಮರಿ, ಮರಿಮಕ್ಕಳೇ ಇವತ್ತಿನ ಮಂದೆ. ಆಮ್ಯಾಲೆ ಅದೇ ರೋಗ ಬಂದ್ರೂ ಅಷ್ಟು ಸಾಯ್ಲಿಲ್ಲ. ನಾವು ಟಗರು ಬಿಡೋವಾಗ್ಲೂ ಹಂಗೇ, ಗಟ್ಟಿ ಇರದು ನೋಡಿ ಬಿಡ್ತೀವಿ. ನೀವು ಮದ್ದು ಹೊಡ್ದು ಹೊಡ್ದು ಗಟ್ಟಿ ಸೊಳ್ಳೆ ಸಾಕೀರಿ. ನಮ್ಮವು ಇನ್ನಾ ಮೆತ್ತಗವೆ. ಜ್ವಾಪಾನ ಒಯ್ಯಿ."

ಈ ಸಲ ಪಂಜರಕ್ಕೆ ಅಜ್ಜಿಯೇ ಒಂದು ಹಳೆಯ ಕಂಬಳಿಯ ತುಂಡು ನೆನೆಸಿ ಸುತ್ತಿದರು. ಬೇಸಿಗೆಯಲ್ಲಿ ಎಳೆಮರಿ ಹೊತ್ತು ನಡೆಯುವಾಗ ಅವರು ಹಾಗೆ ಮಾಡುತ್ತಾರಂತೆ. ಉಣ್ಣೆ ಕುಡಿದ ನೀರು ಬೇಗ ಬಿಡುವುದಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಪಂಜರ ತೊಡೆಯ ಮೇಲಿಟ್ಟು, ಬಾಟಲಿಯಿಂದ ಹನಿ ಹನಿ ನೀರು ಬಿಡುತ್ತಾ ಬಂದೆ. ಕಂಡಕ್ಟರ್ ಬಗ್ಗಿ ನೋಡಿದ.

"ಏನ್ರೀ ಅದು, ಕೋಳಿಮರೀನಾ?"

"ಸೊಳ್ಳೆ."

"ತಲೆಗೊಂದು ಟಿಕೆಟ್ ತಗೀರಿ ಮತ್ತೆ," ಎಂದ. ಆಮೇಲೆ ನನ್ನ ಮುಖ ನೋಡಿ, ನನ್ನ ಮುಂದೆ ನಿಂತಿದ್ದವರನ್ನು ಆಚೆ ಸರಿಸಿದ.

ಹತ್ತು ಹದಿನೈದು ಬಿಟ್ಟರೆ ಎಲ್ಲವೂ ಬದುಕಿ ಬಂದವು. ಅಜ್ಜಿಯ ಮಾತು ಹೇಳಿದಾಗ ಕೀಟತಜ್ಞರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಆ ಪಂಡಿತನೂ ಹೀಗೇ ಕಣ್ರೀ. ಪಾರಿವಾಳ ಸಾಕೋರ ಹತ್ತಿರ, ಕುರಿ ದನ ಸಾಕೋರ ಹತ್ತಿರ ಕೇಳಿ ಕೇಳಿ ಬರಕೊಂಡವನು. ನಿಮ್ಮ ಅಜ್ಜಿ ಸಿಕ್ಕಿದ್ದಿದ್ರೆ ಅವನಿಗೆ ಅಷ್ಟು ವರ್ಷ ಹಿಡೀತಿರಲಿಲ್ಲ."

ಪರೀಕ್ಷೆಗೆ ಅಣ್ಣನ ಮನೆಯ ಗೋಡೆ ಆರಿಸಿದರು. ಅತ್ತಿಗೆ ಮಗಳ ಬಾಣಂತನಕ್ಕೆ ಹೋಗಿದ್ದರಿಂದ ಆ ವರ್ಷ ಆ ಮನೆಯಲ್ಲಿ ಹಬ್ಬದ ಸುಣ್ಣ ಆಗಿರಲಿಲ್ಲ. ಅಣ್ಣ ಒಂದೇ ದಿನ, ಒಂದೇ ಬಕೆಟ್ಟಿನಲ್ಲಿ ಕದಡಿದ ಮದ್ದನ್ನು ಅವನ ಮನೆಗೂ ನನ್ನ ಮನೆಗೂ ಹೊಡೆಸಿದ್ದ. "ತೀರಿಕೊಂಡವರ ಮನೆ ಗೋಡೆಯನ್ನೂ ನೋಡೋಣವಾ?" ಎಂದು ಅವರು ಮೆಲ್ಲಗೆ ಕೇಳಿದಾಗ ನಾನು, "ಬ್ಯಾಡ ಸಾರ್, ಅಲ್ಲಿ ಇನ್ನೂ ದೀಪ ಇಟ್ಟೀವಿ," ಎಂದೆ. ಅವರು ಮತ್ತೆ ಕೇಳಲಿಲ್ಲ. ದೀಪ ಇಟ್ಟಿದ್ದು ನಿಜ. ಬೇಡ ಎಂದದ್ದು ದೀಪಕ್ಕಾಗಿ ಅಲ್ಲ.

ಅಂಗೈಯಗಲದ ಪಾರದರ್ಶಕ ಬಟ್ಟಲುಗಳನ್ನು ಗೋಡೆಗೆ ಮಗುಚಿ ಅಂಟುಪಟ್ಟಿ ಹಾಕಿದೆವು. ಮೇಲಿನ ತೂತಿನಿಂದ ಒಂದೊಂದಕ್ಕೆ ಹತ್ತು ಸೊಳ್ಳೆ ಊದಿ ಬಿಟ್ಟೆ. ಎರಡರಲ್ಲಿ ಹಟ್ಟಿಯವು, ಎರಡರಲ್ಲಿ ಕಾಲುವೆಯವು. ಇನ್ನೆರಡು ಬಟ್ಟಲು ಶುದ್ಧ ಕಾಗದದ ಮೇಲೆ. ಅರ್ಧ ಗಂಟೆ ಕೂರಿಸಿ, ಹಿಂದಕ್ಕೆ ಹೀರಿ, ಗುರುತು ಹಾಕಿದ ಲೋಟಗಳಿಗೆ ಬಿಟ್ಟು, ಸಕ್ಕರೆ ನೀರಿನ ಹತ್ತಿ ಇಟ್ಟೆವು. ಅಷ್ಟೂ ಹೊತ್ತು ಅಣ್ಣ ಅಂಗಳದ ಬೇವಿನ ಬುಡದಲ್ಲಿ ಕೂತಿದ್ದ. ನಾವಿಬ್ಬರೂ ಮಾತಾಡಿ ತಿಂಗಳಾಗಿತ್ತು.

ಮರುದಿನ ಅದೇ ಹೊತ್ತಿಗೆ ಸಾಹೇಬರನ್ನೂ ಕರೆಸಿ ಲೋಟ ತೆರೆದೆವು. ಶುದ್ಧ ಕಾಗದದ ಮೇಲೆ ಕೂತವು ಎಲ್ಲವೂ ಹಾರಾಡುತ್ತಿದ್ದವು. ಹಟ್ಟಿಯ ಇಪ್ಪತ್ತರಲ್ಲಿ ಹತ್ತೊಂಬತ್ತು ಅಂಗಾತ ಬಿದ್ದಿದ್ದವು. ಕಾಲುವೆಯ ಇಪ್ಪತ್ತರಲ್ಲಿ ಸತ್ತದ್ದು ಆರು.

ಸಾಹೇಬರು ಎರಡು ಸಲ ಎಣಿಸಿದರು. ಮೂರನೆಯ ಸಲ ಎಣಿಸಲು ಹೋಗಿ ಬಿಟ್ಟರು. "ಗೋಡೆಯಲ್ಲಿ ಮದ್ದು ಇದೆ," ಎಂದರು.

"ಹನ್ನೆರಡು ವಾರ ಆದ ಮೇಲೂ ಇದೆ. ಚೆನ್ನಾಗಿ ಹೊಡೆದಿದ್ದಾರೆ," ಎಂದರು ಕೀಟತಜ್ಞರು. "ಸೊಳ್ಳೆ ಬದಲಾಗಿದೆ. ಅಷ್ಟೇ."

ಅಣ್ಣ ಬೇವಿನ ಬುಡದಿಂದ ಏಳಲಿಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡದ್ದು ಮಾತ್ರ ಕಂಡಿತು.

ಕೆಲಸ ಅಲ್ಲಿಗೆ ಮುಗಿದಿತ್ತು. ಸಾಹೇಬರು ಜೀಪು ಹತ್ತಿದರು, ಕೀಟತಜ್ಞರು ಪೆಟ್ಟಿಗೆ ಕಟ್ಟತೊಡಗಿದರು. ಪಂಜರದಲ್ಲಿ ಹಟ್ಟಿಯ ಸೊಳ್ಳೆ ಇನ್ನೂ ಮೂವತ್ತು ಉಳಿದಿದ್ದವು. ಸಂಜೆ ಬಿಟ್ಟುಬಿಡಬಹುದಾಗಿತ್ತು. ನನ್ನ ಮಾತು ಯಾರಿಗೂ ಬೇಕಾಗಿರಲಿಲ್ಲ. ಆದರೆ ಅಣ್ಣನ ಮೇಲೆ ಎಲ್ಲರೆದುರು ಕೂಗಿದವನು ನಾನು. ಅವನ ಗೋಡೆಯನ್ನು ಪರೀಕ್ಷೆಗೆ ಒಡ್ಡಿ ನನ್ನ ಗೋಡೆಯನ್ನು ದೀಪದ ಹಿಂದೆ ಬಚ್ಚಿಟ್ಟುಕೊಂಡಿದ್ದೆ.

"ಸಾರ್, ಬಟ್ಟಲು ಕಟ್ಟಬ್ಯಾಡ್ರಿ. ನಮ್ಮ ಮನೆ ಗೋಡೆಗೂ ಹಾಕಾಣ," ಎಂದೆ.

ಅವರು ನನ್ನ ಮುಖ ನೋಡಿದರು.

"ಅದಕ್ಕೆ ಮದ್ದಿನ ಮೇಲೆ ಸುಣ್ಣ ಬಿದ್ದೈತೆ. ಹಬ್ಬಕ್ಕೆ ಅವಳು ಬಳದ್ಲು. ನಾನು ನಿಂತು ನೋಡಿದೆ."

ಅವರು ಪೆಟ್ಟಿಗೆ ಮತ್ತೆ ತೆರೆದರು. ದೀಪವನ್ನು ಪಕ್ಕಕ್ಕೆ ಇಟ್ಟು, ಅವಳ ಕೆಮ್ಮಣ್ಣಿನ ಪಟ್ಟಿಗಿಂತ ಮೇಲೆ ಸುಣ್ಣದ ಗೋಡೆಗೆ ಎರಡು ಬಟ್ಟಲು ಹಾಕಿದೆವು. ಕುಂಚ ಎಳೆದ ಗೆರೆಗಳು ಬಟ್ಟಲಿನೊಳಗಿಂದ ದೊಡ್ಡದಾಗಿ ಕಾಣುತ್ತಿದ್ದವು. ಸೊಳ್ಳೆ ಊದುವಾಗ ನನ್ನ ಉಸಿರಿನ ಅಳತೆ ತಪ್ಪಿತು, ಎರಡು ಹಾರಿಹೋದವು.

ಮರುದಿನ ಲೋಟ ತೆರೆದಾಗ ಹಟ್ಟಿಯ ಮೆತ್ತನೆಯ ಸೊಳ್ಳೆಗಳು ಕೂಡ ಹೆಚ್ಚಿನವು ಬದುಕಿದ್ದವು. ಸುಣ್ಣ ಮದ್ದನ್ನು ಮುಚ್ಚಿಹಾಕಿತ್ತು. ನನಗೆ ಗೊತ್ತಿದ್ದದ್ದೇ. ಆದರೂ ಗೋಡೆಗೆ ಒರಗಿ ಕುಳಿತೆ.

ಕೀಟತಜ್ಞರು ಪಕ್ಕದಲ್ಲೇ ನೆಲದ ಮೇಲೆ ಕೂತರು. "ನೋಡಿ, ಹಟ್ಟಿಯ ಸೊಳ್ಳೆ ಈ ಮನೆಗೆ ಬರಲಿಲ್ಲ. ಇಲ್ಲಿಗೆ ಬಂದದ್ದು ಕಾಲುವೆಯ ಸೊಳ್ಳೆ. ಅದು ನಿಮ್ಮ ಅಣ್ಣನ ಗೋಡೆ ಮೇಲೂ, ಮದ್ದು ಸರಿಯಾಗಿ ಇದ್ದ ಕಡೆಯೂ ಬದುಕಿತು. ಈ ಸುಣ್ಣ ಇಲ್ಲದಿದ್ರೂ ಬದುಕಿರ್ತಿತ್ತು."

"ಇಪ್ಪತ್ತರಲ್ಲಿ ಆರು ಸತ್ವಲ್ಲ ಸಾರ್."

ಅವರು ಕನ್ನಡಕ ತೆಗೆದರು. "ಹೌದು. ಆರು ಸತ್ವು. ಸುಳ್ಳು ಹೇಳಲ್ಲ. ಆದರೆ ಹದಿನಾಲ್ಕು ಬದುಕಿದ್ವು. ಆ ಸುಣ್ಣದ ಮೇಲೆ ಅಷ್ಟು ಭಾರ ಹಾಕಬೇಡಿ, ಅದು ತಡೆಯಲ್ಲ."

ಇಂದಿಗೂ ಕೆಲವು ದಿನ ನಾನು ಆ ಆರನ್ನು ಎಣಿಸುತ್ತೇನೆ. ಹೆಚ್ಚಿನ ದಿನ ಹದಿನಾಲ್ಕನ್ನು ಎಣಿಸುತ್ತೇನೆ. ಅವತ್ತು ಮಧ್ಯಾಹ್ನ ಎಷ್ಟೋ ವಾರದ ಮೇಲೆ ಹಸಿವಾಯಿತು. ಮುದ್ದೆ ತಿರುವಿಕೊಂಡು ಉಂಡು, ಚಾಪೆ ಹಾಕಿ ಅದೇ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಎಚ್ಚರವಾದಾಗ ಹೊತ್ತು ಇಳಿದಿತ್ತು.

ಅಣ್ಣನ ಮೆಮೊ ವಾಪಸಾಯಿತು. ವರದಿ ಮೇಲೆ ಹೋದ ಮೇಲೆ ಕಾಲುವೆಯ ಊರುಗಳಿಗೆ ಬೇರೆ ಮದ್ದು ಬಂತು, ಡಿಡಿಟಿಗಿಂತ ಘಾಟು. ಮೊದಲ ಸುತ್ತಿನಲ್ಲಿ ಅಣ್ಣನ ತಂಡ ನಮ್ಮ ಸಾಲಿಗೆ ಬಂದಾಗ ಆಳುಗಳನ್ನು ಆಚೆ ಮನೆಗೆ ಕಳಿಸಿ ಅವನೊಬ್ಬನೇ ಬಕೆಟ್ಟು ಪಂಪು ಹಿಡಿದು ನನ್ನ ನಡುಮನೆಗೆ ಬಂದ. ಆ ಹೊತ್ತಿಗೂ ನಾವು ಸರಿಯಾಗಿ ಮಾತಾಡಿರಲಿಲ್ಲ. ನಾನು ಹೇಳಲೇಬೇಕಾದ್ದನ್ನು ಹೇಳಿದೆ.

"ಅಣ್ಣ, ಅವತ್ತು ಮಣ್ಣಿನ ಹತ್ರ ನಾನು ಕೂಗಿದ್ದು... ಈ ಗೋಡೆಗೆ ಸುಣ್ಣ ಆಗಿತ್ತು. ನಂಗೆ ಗೊತ್ತಿತ್ತು."

ಅವನು ಬಕೆಟ್ಟಿನಲ್ಲಿ ಕೋಲು ತಿರುಗಿಸುತ್ತಲೇ ಇದ್ದ. "ನಂಗೂ ಗೊತ್ತಿತ್ತು ಬಿಡಲೇ."

"ಏನು?"

"ಹಬ್ಬದ ದಿನ ಊಟಕ್ಕೆ ಬಂದಿದ್ನಲ್ಲ. ನಾನೇ ಮದ್ದು ಹೊಡ್ಸಿದ ಗೋಡೆ ನಂಗೆ ಗುರುತಾಗಲ್ವಾ? 'ಏನಮ್ಮ, ನನ್ನ ಮಚ್ಚೆ ಎಲ್ಲಿ?' ಅಂದೆ. 'ಗೌರಮ್ಮ ಅಳಿಸ್ಬಿಟ್ಲು ಭಾವ' ಅಂತ ನಕ್ಕಳು. ಇನ್ನೆರಡು ಹೋಳಿಗೆ ಹಾಕಿದ್ಲು, ಬಾಯಿ ಮುಚ್ಚಾಕೆ."

"ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ? ಮೆಮೊ ಬಂದಾಗಾದ್ರೂ ಯಾಕೆ ಬರೀಲಿಲ್ಲ?"

ಅಣ್ಣ ಕೋಲು ನಿಲ್ಲಿಸಿದ. "ಸತ್ತೋಳ ಮ್ಯಾಲೆ ತಪ್ಪು ಹಾಕಿ ನಾನು ನೌಕ್ರಿ ಉಳಿಸ್ಕಳ್ಳಾದಾ? ಸುಮ್ಕಿರು. ಪಂಪು ಒತ್ತು ಬಾ."

ನಾನು ಪಂಪು ಒತ್ತಿದೆ, ಅವನು ನಳಿಕೆ ಹಿಡಿದ. ಮೇಲಿನಿಂದ ಕೆಳಕ್ಕೆ, ಮತ್ತೆ ಕೆಳಗಿನಿಂದ ಮೇಲಕ್ಕೆ, ಒಂದು ಪಟ್ಟಿಯ ಅಂಚು ಇನ್ನೊಂದಕ್ಕೆ ತಾಗುವಂತೆ ಹೊಡೆದ. ಅವಳ ಸುಣ್ಣದ ಮೇಲೆ ಒದ್ದೆ ಪಟ್ಟಿಗಳು ಮೂಡಿ, ಒಣಗಿ, ಮಚ್ಚೆಯಾದವು. ಕೆಮ್ಮಣ್ಣಿನ ಪಟ್ಟಿ ಬಂದಾಗ ನನ್ನ ಕಡೆ ನೋಡಿದ. "ಹೊಡಿ," ಎಂದೆ.

ಈ ಮದ್ದನ್ನೂ ಒಂದಲ್ಲ ಒಂದು ದಿನ ಕೆಲವು ಸೊಳ್ಳೆ ದಾಟುತ್ತವೆ ಎಂದು ಕೀಟತಜ್ಞರು ಹೋಗುವಾಗ ಹೇಳಿದ್ದರು. ಯಾವುದು ದಾಟುತ್ತದೆಂದು ನೋಡುತ್ತಿರುವುದು ಈಗ ನನ್ನ ಕೆಲಸ. ತಿಂಗಳಿಗೊಮ್ಮೆ ಕಾಲುವೆಯ ಸೊಳ್ಳೆ ಹಿಡಿದು ಕೊಳವೆಗೆ ಹಾಕುತ್ತೇನೆ. ವರ್ಷಕ್ಕೊಮ್ಮೆ ಹಟ್ಟಿಗೆ ಹೋಗಿ ಚಪ್ಪಲಿ ಬಿಟ್ಟು ಅಜ್ಜಿಯ ಸೊಳ್ಳೆ ತರುತ್ತೇನೆ. ಆ ಹಟ್ಟಿಯ ಮುಂದೆ ಈಗ ಯಾರೂ ಕೆಂಪು ಶಾಯಿಯಲ್ಲಿ ಬರೆಯುವುದಿಲ್ಲ.

ಮರುವರ್ಷದ ಗೌರಿ ಹಬ್ಬಕ್ಕೆ ಅತ್ತಿಗೆ ನಮ್ಮ ನಡುಮನೆಯಲ್ಲೇ ಗೌರಿ ಕೂರಿಸಿದರು. ಗೋಡೆಗೆ ಯಾರೂ ಸುಣ್ಣ ಬಳಿಯಲಿಲ್ಲ. ಗೌರಮ್ಮ ಮಚ್ಚೆ ಗೋಡೆಯ ಮುಂದೆಯೇ ಕೂತಳು. ಅಣ್ಣ ಊಟಕ್ಕೆ ಕೂತು ಗೋಡೆಯ ಕಡೆ ಒಮ್ಮೆ ನೋಡಿ, ನನ್ನ ಎಲೆಗೆ ಇನ್ನೆರಡು ಹೋಳಿಗೆ ಹಾಕಿದ.